ಮೇಷ್ಟರ ಮಗ ಶೂಬರ್ಟ್, ಗಾಯಕ ಫೋಗಲ್

ಪಾಶ್ಚಾತ್ಯ ಸಂಗೀತದ ಪರಿಚಯ ಇಲ್ಲದವರೂ ಶೂಬರ್ಟನ ಒಂದು ಹಾಡನ್ನಾದರೂ ಎಲ್ಲೋ ಕೇಳಿರುತ್ತಾರೆ. ಚರ್ಚುಗಳಲ್ಲಿ, ಸಿನಿಮಾಗಳಲ್ಲಿ ಆಗಾಗ ಕಿವಿಗೆ ಬೀಳುವ ಆವೆ ಮರಿಯಾ ಎಂಬ ಹಾಡಿನ ಧಾಟಿ ಅವನದೇ. ಆದರೆ ಈ ಫ್ರಾಂಟ್ಸ್ ಶೂಬರ್ಟ್ ನಮ್ಮ ಹಾಗೆ ಶಿಕ್ಷಕರ ತರಬೇತಿ ಪಡೆದವನು, ಹದಿನೇಳನೆಯ ವಯಸ್ಸಿಗೆ ಚಿಕ್ಕ ಮಕ್ಕಳ ತರಗತಿಯಲ್ಲಿ ಅಕ್ಷರ ತಿದ್ದಿಸಿದವನು ಎಂಬುದು ಅಷ್ಟಾಗಿ ತಿಳಿದಿಲ್ಲ. ಅವನ ಜೀವನವನ್ನು ಹಲವು ರೀತಿಯಲ್ಲಿ ಹೇಳಬಹುದು. ಇಲ್ಲಿ ಅದನ್ನು ಯೋಹಾನ್ ಮಿಖಾಯೆಲ್ ಫೋಗಲ್ ಎಂಬ ಗಾಯಕನೊಂದಿಗೆ ಅವನಿಗಿದ್ದ ಹನ್ನೊಂದು ವರ್ಷಗಳ ಒಡನಾಟದ ಮೂಲಕ ನೋಡಲಾಗಿದೆ. ಫೋಗಲ್ ಸಿಗದೆ ಹೋಗಿದ್ದರೂ ಶೂಬರ್ಟ್ ಹಾಡುಗಳನ್ನು ಬರೆಯುತ್ತಿದ್ದ. ಆದರೆ ಬದುಕಿರುವಾಗಲೇ ಅವನ್ನು ಕೇಳುವವರು ಎಷ್ಟು ಜನ ಇರುತ್ತಿದ್ದರೋ ಹೇಳುವುದು ಕಷ್ಟ.

ಶೂಬರ್ಟ್ ಹುಟ್ಟಿದ್ದು 1797ರ ಜನವರಿ 31ರಂದು, ಆಸ್ಟ್ರಿಯದ ರಾಜಧಾನಿ ವಿಯೆನ್ನಾದ ಹೊರವಲಯದಲ್ಲಿ. ತಂದೆ ಫ್ರಾಂಟ್ಸ್ ಥಿಯೋಡರ್ ಅಲ್ಲಿಯ ಶಾಲೆಯ ಮೇಷ್ಟರು. ಮನೆ ಮತ್ತು ಶಾಲೆ ಒಂದೇ ಕಟ್ಟಡದಲ್ಲಿ. ಹುಟ್ಟಿದ ಹದಿನಾಲ್ಕು ಮಕ್ಕಳಲ್ಲಿ ಉಳಿದವರು ಐದು ಜನ. ತಂದೆಯೇ ಪಿಟೀಲು ಕಲಿಸಿದರು, ಅಣ್ಣ ಇಗ್ನಾಟ್ಸ್ ಪಿಯಾನೊ ಕಲಿಸಿದ. 1808ರಲ್ಲಿ ಹನ್ನೊಂದು ವರ್ಷದ ಹುಡುಗನಿಗೆ ಅರಮನೆಯ ಪ್ರಾರ್ಥನಾ ಮಂದಿರದ ಗಾಯನ ಮೇಳದಲ್ಲಿ ಸ್ಥಾನ ಸಿಕ್ಕಿತು. ಅದರ ಜೊತೆಗೆ ಸರ್ಕಾರಿ ವಸತಿಶಾಲೆಯಲ್ಲಿ ಉಚಿತ ಊಟ, ಪಾಠ. ಆಸ್ಥಾನದ ಸಂಗೀತ ನಿರ್ದೇಶಕ ಸಾಲಿಯೇರಿಯೇ ಅವನಿಗೆ ಸಂಗೀತ ರಚನೆಯ ಪಾಠ ಹೇಳಿದ. ಈ ವಸತಿಶಾಲೆಯಲ್ಲಿ ಸಿಕ್ಕ ಗೆಳೆಯರಲ್ಲಿ ಮುಖ್ಯನಾದವನು ಯೋಸೆಫ್ ಫಾನ್ ಸ್ಪೌನ್. ವಯಸ್ಸಿನಲ್ಲಿ ದೊಡ್ಡವನು. ಹುಡುಗನ ಬಳಿ ಸ್ವರಲಿಪಿ ಬರೆಯಲು ಕಾಗದವೂ ಇಲ್ಲದ್ದನ್ನು ಕಂಡು ತಾನೇ ಕಾಗದ ತಂದುಕೊಡುತ್ತಿದ್ದ.

ಸ್ಪೌನ್ ಮಾಡಿದ ಇನ್ನೊಂದು ಉಪಕಾರ ನಮ್ಮ ಕಥೆಗೆ ಬಹಳ ಮುಖ್ಯ. ರಜೆಯ ದಿನ ಅವನು ಶೂಬರ್ಟನನ್ನು ಗೀತನಾಟಕ ನೋಡಲು ಕರೆದೊಯ್ಯುತ್ತಿದ್ದ. ಮೇಲಿನ ಅಂತಸ್ತಿನ ಅಗ್ಗದ ಜಾಗದಲ್ಲಿ ಕುಳಿತು ಇಬ್ಬರೂ ಗ್ಲುಕ್ ರಚಿಸಿದ ಇಫಿಗೇನಿಯ ಕಥೆಯ ನಾಟಕ ನೋಡಿದರು. ಅದರಲ್ಲಿ ಒರೆಸ್ಟಿಸನ ಪಾತ್ರ ಮಾಡಿದ್ದವನೇ ಫೋಗಲ್. ಎತ್ತರದ ಆಳು, ಗಂಭೀರ ನಡೆ, ತುಂಬು ಕಂಠ. ಹುಡುಗ ಮರುಳಾದ. ಆ ಗಾಯಕನನ್ನು ಕಂಡು ಅಡ್ಡಬೀಳಬೇಕು ಎನಿಸುವಷ್ಟು ಭಾವಾವೇಶಕ್ಕೆ ಒಳಗಾದ ಎಂದು ಗೆಳೆಯರು ಮುಂದೆ ನೆನಪಿಸಿಕೊಂಡಿದ್ದಾರೆ. ಭೇಟಿಯಾಗಲು ಇನ್ನೂ ನಾಲ್ಕು ವರ್ಷ ಕಾಯಬೇಕಿತ್ತು.

ದನಿ ಒಡೆದ ಮೇಲೆ ಗಾಯನ ಮೇಳದಲ್ಲಿ ಜಾಗವಿಲ್ಲ. ತಾಯಿ 1812ರಲ್ಲೇ ತೀರಿಕೊಂಡಿದ್ದಳು. ಮಗನೂ ತನ್ನಂತೆ ಮೇಷ್ಟರಾಗಲಿ ಎಂಬುದು ತಂದೆಯ ಆಸೆ. 1813ರ ಕೊನೆಯಲ್ಲಿ ಶೂಬರ್ಟ್ ವಿಯೆನ್ನಾದ ಸಂತ ಆನ್ನಾ ನಾರ್ಮಲ್ ಶಾಲೆಗೆ ಸೇರಿ ಮರುವರ್ಷ ತರಬೇತಿ ಮುಗಿಸಿದ. ನಮ್ಮಲ್ಲಿಯೂ ಹಿಂದಿನವರು ಶಿಕ್ಷಕರ ತರಬೇತಿ ಶಾಲೆಯನ್ನು ನಾರ್ಮಲ್ ಸ್ಕೂಲ್ ಎಂದೇ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಯುರೋಪಿನ ಈ ಬಗೆಯ ಶಾಲೆಗಳಿಂದ. ಅನಂತರ ತಂದೆಯ ಶಾಲೆಯಲ್ಲೇ ಸಹಾಯಕ ಶಿಕ್ಷಕನಾಗಿ ಅತಿ ಚಿಕ್ಕ ಮಕ್ಕಳ ತರಗತಿಯನ್ನು ವಹಿಸಿಕೊಂಡ.

ಅವನು ಒಳ್ಳೆಯ ಶಿಕ್ಷಕನಾಗಿದ್ದನೇ ಎಂದು ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ. ಪಾಠದ ನಡುವೆ ಸಂಗೀತ ಹೊಳೆದಾಗ ಮಕ್ಕಳು ಗಲಾಟೆ ಮಾಡಿದರೆ ಸಿಟ್ಟಿನಿಂದ ಏಟು ಕೊಡುತ್ತಿದ್ದುದನ್ನು ಅವನೇ ಸ್ನೇಹಿತರಲ್ಲಿ ಹೇಳಿಕೊಂಡಿದ್ದಾನೆ. ಇದನ್ನು ಪ್ರತಿಭೆಯ ಹೆಸರಿನಲ್ಲಿ ಮನ್ನಿಸಬೇಕಾಗಿಲ್ಲ. ಬೇಡದ ಕೆಲಸದಲ್ಲಿ ಸಿಕ್ಕಿಕೊಂಡ ಹುಡುಗನ ಅಸಹನೆಗೆ ಆ ಮಕ್ಕಳು ಗುರಿಯಾದರು. ಆದರೆ ಅದೇ ದಿನಗಳಲ್ಲಿ, ಶಾಲೆಯ ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ, 1814ರ ಅಕ್ಟೋಬರ್ 19ರಂದು ಅವನು ಗಯಟೆಯ ಫೌಸ್ಟ್ ನಾಟಕದ ಗ್ರೆಚೆನ್ ರಾಟೆಯ ಮುಂದೆ ಕುಳಿತು ಹಾಡುವ ಪದ್ಯಕ್ಕೆ ಸಂಗೀತ ಬರೆದ. ಮರುವರ್ಷ, 1815ರಲ್ಲಿ, ಶಾಲೆಯ ಕೆಲಸದ ಜೊತೆಯಲ್ಲೇ ಸುಮಾರು 140 ಹಾಡುಗಳನ್ನು ರಚಿಸಿದ. ಕೆಲವು ದಿನ ಒಂದಕ್ಕಿಂತ ಹೆಚ್ಚು.

ಈ ಹಾಡುಗಳ ಬಗೆಯನ್ನು ಸ್ವಲ್ಪ ವಿವರಿಸಬೇಕು. ಜರ್ಮನ್ ಭಾಷೆಯಲ್ಲಿ ಇವಕ್ಕೆ ಲೀಡ್ ಎನ್ನುತ್ತಾರೆ. ಕವಿ ಬರೆದ ಪದ್ಯವನ್ನು ಸಂಗೀತಗಾರ ತೆಗೆದುಕೊಂಡು, ಒಬ್ಬ ಗಾಯಕ ಮತ್ತು ಒಂದು ಪಿಯಾನೊಗೆ ಹೊಂದಿಸುವುದು. ನಮ್ಮ ಭಾವಗೀತೆ ಗಾಯನವನ್ನು ನೆನೆದರೆ ಹತ್ತಿರದ ಕಲ್ಪನೆ ಬರುತ್ತದೆ. ಶೂಬರ್ಟನಿಗಿಂತ ಮೊದಲು ಇದು ಹೆಚ್ಚಾಗಿ ಮನೆಯ ಹಜಾರದ ಸಂಗೀತ. ಪಿಯಾನೊ ದನಿಗೆ ಆಸರೆ ಕೊಟ್ಟರೆ ಸಾಕಾಗಿತ್ತು. ಶೂಬರ್ಟ್ ಪಿಯಾನೊಗೂ ಮಾತು ಕೊಟ್ಟ. ಗ್ರೆಚೆನ್ ಹಾಡಿನಲ್ಲಿ ಬಲಗೈ ರಾಟೆಯಂತೆ ಸುತ್ತುತ್ತಲೇ ಇರುತ್ತದೆ. ಪ್ರಿಯಕರನ ಮುತ್ತಿನ ನೆನಪು ಬಂದ ಕ್ಷಣ ರಾಟೆ ನಿಂತುಬಿಡುತ್ತದೆ. ಬಳಿಕ ತಡವರಿಸುತ್ತಾ ಮತ್ತೆ ತಿರುಗಲು ಆರಂಭಿಸುತ್ತದೆ. ಹಾಡಿನ ಮಾತು ಅರ್ಥವಾಗದಿದ್ದರೂ ಇದು ಕೇಳುವವರಿಗೆ ತಿಳಿಯುತ್ತದೆ.

1815ರಲ್ಲೇ ಬರೆದ ಎರ್ಲ್‌ಕೋನಿಗ್ ಎಂಬ ಹಾಡು ಇನ್ನೂ ಪ್ರಸಿದ್ಧ. ಇದೂ ಗಯಟೆಯ ಪದ್ಯ. ರಾತ್ರಿ, ಗಾಳಿ. ತಂದೆ ಕಾಯಿಲೆಯ ಮಗನನ್ನು ತಬ್ಬಿಕೊಂಡು ಕುದುರೆ ಓಡಿಸುತ್ತಿದ್ದಾನೆ. ಮಗನಿಗೆ ದೆವ್ವಗಳ ದೊರೆ ಕಾಣುತ್ತಿದ್ದಾನೆ, ಕರೆಯುತ್ತಿದ್ದಾನೆ. ತಂದೆಗೆ ಕಾಣುವುದು ಮಂಜು, ಕೇಳುವುದು ಒಣ ಎಲೆಗಳ ಸದ್ದು. ಮನೆ ತಲುಪುವಷ್ಟರಲ್ಲಿ ಮಗು ಸತ್ತಿರುತ್ತದೆ. ಕಥೆ ಹೇಳುವವನು, ತಂದೆ, ಮಗ, ದೆವ್ವಗಳ ದೊರೆ, ಈ ನಾಲ್ವರನ್ನೂ ಒಬ್ಬನೇ ಗಾಯಕ ಹಾಡಬೇಕು. ತಂದೆಗೆ ಕೆಳಗಿನ ಸ್ಥಾಯಿ, ಮಗನಿಗೆ ಮೇಲಿನದು, ದೊರೆಗೆ ಮೋಹಕವಾದ ನಯವಾದ ಧಾಟಿ. ಮಗ ಅಪ್ಪನನ್ನು ಕೂಗುವಾಗಲೆಲ್ಲ ಕೂಗಿನ ಶ್ರುತಿ ಏರುತ್ತಾ ಹೋಗುತ್ತದೆ. ಪಿಯಾನೊದಲ್ಲಿ ಕುದುರೆಯ ಓಟ ಬಿಡುವಿಲ್ಲದೆ ಬಡಿಯುತ್ತದೆ. ಕೊನೆಯ ಸಾಲಿನಲ್ಲಿ ಓಟ ನಿಂತು, ಸಾವಿನ ಸುದ್ದಿಯನ್ನು ಗಾಯಕ ಹೆಚ್ಚುಕಡಿಮೆ ಬರಿಯ ಮಾತಿನಂತೆ ಹೇಳುತ್ತಾನೆ. ಅಭ್ಯಾಸ ಬೋಧನೆಯಲ್ಲಿ ಕಥನಗೀತೆಯ ಪಾಠ ಬಂದಾಗ ಈ ಹಾಡನ್ನು ಅರ್ಥ ಹೇಳದೆ ಒಮ್ಮೆ ಕೇಳಿಸಿ, ಎಷ್ಟು ಪಾತ್ರಗಳಿವೆ ಎಂದು ಎಂಟು ಒಂಬತ್ತನೆಯ ತರಗತಿಯ ಮಕ್ಕಳನ್ನು ಕೇಳಬಹುದು. ನಾಲ್ಕು ನಿಮಿಷದ ಕೆಲಸ. ಅನಂತರ ಕಥೆ ಹೇಳಿ ಮತ್ತೊಮ್ಮೆ ಕೇಳಿಸಿದರೆ ಪದ್ಯದಲ್ಲಿ ದನಿಗಳು ಬೇರೆಬೇರೆಯಾಗುವುದು ಎಂದರೇನು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಾಡುಗಳು ರಾಶಿಯಾದವು, ಹೊರಗಿನವರಿಗೆ ತಲುಪಲಿಲ್ಲ. 1816ರಲ್ಲಿ ಸ್ಪೌನ್ ಗಯಟೆಯ ಪದ್ಯಗಳಿಗೆ ಶೂಬರ್ಟ್ ಮಾಡಿದ ಸಂಗೀತವನ್ನೆಲ್ಲ ಚೆನ್ನಾಗಿ ನಕಲು ಮಾಡಿಸಿ ಆ ಮಹಾಕವಿಗೇ ಕಳುಹಿಸಿದ. ಕಟ್ಟು ಹಾಗೆಯೇ ಹಿಂದಿರುಗಿತು, ಉತ್ತರವಿಲ್ಲ. ಅದೇ ವರ್ಷ ಲೈಬಾಖ್ ಪಟ್ಟಣದ, ಅಂದರೆ ಇಂದಿನ ಲ್ಯುಬ್ಲಿಯಾನಾದ, ನಾರ್ಮಲ್ ಶಾಲೆಯಲ್ಲಿ ಸಂಗೀತ ಶಿಕ್ಷಕನ ಹುದ್ದೆಗೆ ಶೂಬರ್ಟ್ ಅರ್ಜಿ ಹಾಕಿದ. ಅದೂ ಸಿಗಲಿಲ್ಲ. ಗೆಳೆಯರಿಗೆ ಆಗ ಒಂದು ವಿಷಯ ಖಚಿತವಾಯಿತು. ಶೂಬರ್ಟ್ ಕುಳ್ಳ, ಐದಡಿಗಿಂತ ಸ್ವಲ್ಪವೇ ಹೆಚ್ಚು. ಕನ್ನಡಕ, ಸಂಕೋಚದ ಸ್ವಭಾವ. ಗೆಳೆಯರು ಅವನನ್ನು ಅಣಬೆ ಎಂದು ತಮಾಷೆ ಮಾಡುತ್ತಿದ್ದರು. ಅವನ ಕಂಠ ಸಾಧಾರಣ. ತನ್ನ ಹಾಡನ್ನು ತಾನೇ ಜನರ ಮುಂದೆ ನಿಲ್ಲಿಸುವ ಶಕ್ತಿ ಅವನಿಗಿರಲಿಲ್ಲ. ಹಾಡಲು ಒಬ್ಬ ದೊಡ್ಡ ಗಾಯಕ ಬೇಕಾಗಿತ್ತು.

ಫೋಗಲ್ ಹುಟ್ಟಿದ್ದು 1768ರಲ್ಲಿ, ಮೇಲಣ ಆಸ್ಟ್ರಿಯದ ಸ್ಟೈರ್ ಪಟ್ಟಣದಲ್ಲಿ. ಶೂಬರ್ಟನಿಗಿಂತ ಇಪ್ಪತ್ತೆಂಟು ವರ್ಷ ದೊಡ್ಡವನು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಕ್ರೆಮ್ಸ್‌ಮುನ್‌ಸ್ಟರ್ ಮಠದ ಶಾಲೆಯಲ್ಲಿ ಓದಿ, ವಿಯೆನ್ನಾದಲ್ಲಿ ಕಾನೂನು ಕಲಿತು, ಕೊನೆಗೆ ಆಸ್ಥಾನದ ಗೀತನಾಟಕ ಮಂಡಳಿ ಸೇರಿದ್ದ. ಬೀಥೋವನ್ ತನ್ನ ಫಿಡೆಲಿಯೊ ನಾಟಕವನ್ನು ತಿದ್ದಿ 1814ರಲ್ಲಿ ಮತ್ತೆ ರಂಗಕ್ಕೆ ತಂದಾಗ ದುಷ್ಟ ಅಧಿಕಾರಿ ಪಿತ್ಸಾರೊನ ಪಾತ್ರ ಹಾಡಿದವನು ಇವನೇ. ಬಿಡುವಿನ ವೇಳೆಯಲ್ಲಿ ಗ್ರೀಕ್, ಲ್ಯಾಟಿನ್ ಗ್ರಂಥಗಳನ್ನು ಓದುತ್ತಿದ್ದ. ಫೋಗಲ್ ಎಂಬ ಹೆಸರು ಜರ್ಮನ್ ಭಾಷೆಯಲ್ಲಿ ಹಕ್ಕಿ ಎನ್ನುವ ಪದದಂತೆಯೇ ಕೇಳುವುದರಿಂದ ಮುಂದೆ ಶೂಬರ್ಟ್ ಅವನನ್ನು ಗ್ರೀಕ್ ಹಕ್ಕಿ ಎಂದು ತಮಾಷೆ ಮಾಡಿದ್ದುಂಟು.

1817ರಲ್ಲಿ ಶೂಬರ್ಟನ ಇನ್ನೊಬ್ಬ ಗೆಳೆಯ ಫ್ರಾಂಟ್ಸ್ ಫಾನ್ ಶೋಬರ್ ಈ ಗಾಯಕನ ಬೆನ್ನುಬಿದ್ದ. ಫೋಗಲ್ ಸುಲಭವಾಗಿ ಒಪ್ಪಲಿಲ್ಲ. ಯುವ ಪ್ರತಿಭೆ ಎಂಬ ಮಾತನ್ನು ಅವನು ನೂರು ಸಲ ಕೇಳಿ ನೂರು ಸಲ ನಿರಾಶನಾಗಿದ್ದ. ಕೊನೆಗೆ ಒಂದು ಸಂಜೆ ಶೋಬರನ ಮನೆಗೆ ಬಂದ. ಶೂಬರ್ಟ್ ತೊದಲುತ್ತಾ ನಮಸ್ಕಾರ ಹೇಳಿದ. ಫೋಗಲ್ ಸ್ವಲ್ಪ ಬಿಗುವಿನಿಂದ ಕೈಗೆ ಸಿಕ್ಕ ಹಾಳೆಯನ್ನು ಎತ್ತಿಕೊಂಡು, ಪೂರ್ಣ ಕಂಠ ಬಿಡದೆ ಗುನುಗಿದ. ಪರವಾಗಿಲ್ಲ ಎಂದ. ಇನ್ನೊಂದು ಹಾಳೆ, ಮತ್ತೊಂದು. ಹಾಡಿದಂತೆ ಅವನ ಬಿಗುವು ಸಡಿಲಿತು. ಹೊರಡುವಾಗ ಶೂಬರ್ಟನ ಭುಜ ತಟ್ಟಿ, ನಿನ್ನಲ್ಲಿ ಸತ್ವವಿದೆ, ಆದರೆ ನೀನು ನಟನಲ್ಲ, ಆಡಂಬರ ಸಾಲದು, ಒಳ್ಳೆಯ ಕಲ್ಪನೆಗಳನ್ನು ಬೆಳೆಸದೆ ಪೋಲು ಮಾಡುತ್ತೀಯೆ ಎಂಬ ಅರ್ಥದ ಮಾತು ಹೇಳಿದ. ಮತ್ತೆ ಬರುತ್ತೇನೆ ಎಂದು ಹೇಳಲಿಲ್ಲ. ಆದರೂ ಬಂದ. ಸ್ವಲ್ಪ ದಿನಗಳಲ್ಲಿ ಕರೆಯದೆಯೇ ಬರತೊಡಗಿದ.

ಆ ಮೊದಲ ಸಂಜೆಯ ಟೀಕೆಯನ್ನು ಗಮನಿಸಬೇಕು. ಅದರಲ್ಲಿ ಹೊಗಳಿಕೆಯೂ ತಪ್ಪೂ ಒಂದೇ ಉಸಿರಿನಲ್ಲಿ ಬಂದಿವೆ, ಎರಡೂ ನಿರ್ದಿಷ್ಟವಾಗಿವೆ. ಪಾಠ ವೀಕ್ಷಣೆಯ ಪುಸ್ತಕದಲ್ಲಿ ಚೆನ್ನಾಗಿದೆ ಎಂದಷ್ಟೇ ಬರೆದುಕೊಟ್ಟಾಗ ನಮಗೆ ಏನೂ ಸಿಕ್ಕಂತಾಗುವುದಿಲ್ಲ.

ಇಬ್ಬರೂ ಒಟ್ಟಿಗೆ ಕೆಲಸ ಮಾಡುವ ರೀತಿ ಹೀಗೆ ರೂಢಿಯಾಯಿತು. ಶೂಬರ್ಟ್ ಹೊಸ ಹಾಡು ತಂದು ಪಿಯಾನೊ ಮುಂದೆ ಕೂರುವನು, ಫೋಗಲ್ ಪಕ್ಕದಲ್ಲಿ ನಿಂತು ಹಾಡುವನು. ಸಾಹಿತ್ಯ ಚೆನ್ನಾಗಿ ಓದಿದ್ದ ಫೋಗಲ್ ಪದ್ಯದ ಅರ್ಥವನ್ನು ಮೊದಲು ಮಾತಿನಲ್ಲಿ ಓದಿ ತೋರಿಸುವನು. ಯಾವ ಕವಿತೆ ಹಾಡಿಗೆ ಒಗ್ಗುತ್ತದೆ, ಯಾವುದು ಒಗ್ಗದು ಎಂಬ ಚರ್ಚೆ ನಡೆಯುವುದು. ತನ್ನ ಕಂಠಕ್ಕೆ ಎತ್ತರವಾದ ಹಾಡಿನ ಶ್ರುತಿಯನ್ನು ಅವನು ಇಳಿಸಿಕೊಳ್ಳುತ್ತಿದ್ದ. ಒಮ್ಮೆ ಹೀಗೆ ಶ್ರುತಿ ಇಳಿಸಿ ಬೇರೆಯವರಿಂದ ನಕಲು ಮಾಡಿಸಿದ ಹಾಡನ್ನು ಎರಡು ವಾರದ ನಂತರ ಶೂಬರ್ಟನ ಮುಂದಿಟ್ಟಾಗ, ಅವನು ಅದನ್ನು ನುಡಿಸಿ, ಹಾಡು ಕೆಟ್ಟದ್ದಲ್ಲ, ಯಾರು ಬರೆದದ್ದು ಎಂದು ಕೇಳಿದನೆಂದು ಒಂದು ಕಥೆಯಿದೆ. ಎಡೆಬಿಡದೆ ಬರೆಯುವವನಿಗೆ ಬರೆದದ್ದು ಮರೆಯುವುದೂ ಸಹಜ.

ಶಾಲೆಯ ಕೆಲಸವನ್ನು ಶೂಬರ್ಟ್ 1818ರಲ್ಲಿ ಕಡೆಗೂ ಬಿಟ್ಟ. ಹಂಗೇರಿಯ ಎಸ್ಟರ್‌ಹಾಜಿ ಎಂಬ ಶ್ರೀಮಂತನ ಇಬ್ಬರು ಹೆಣ್ಣುಮಕ್ಕಳಿಗೆ ಬೇಸಿಗೆಯಲ್ಲಿ ಸಂಗೀತ ಪಾಠ ಹೇಳಿ ಬಂದ ಮೇಲೆ ತಂದೆಯ ತರಗತಿಗೆ ಹಿಂದಿರುಗಲಿಲ್ಲ. ಸಂಬಳವಿಲ್ಲ, ಸ್ವಂತ ಮನೆಯಿಲ್ಲ. ಒಬ್ಬರಾದ ಮೇಲೆ ಒಬ್ಬರಂತೆ ಗೆಳೆಯರ ಕೋಣೆಗಳಲ್ಲಿ ಉಳಿದುಕೊಂಡ.

1819ರ ಬೇಸಿಗೆಯಲ್ಲಿ ಫೋಗಲ್ ಅವನನ್ನು ತನ್ನ ಹುಟ್ಟೂರು ಸ್ಟೈರ್‌ಗೆ ಕರೆದೊಯ್ದ. ಆಗಸ್ಟ್ 10 ಫೋಗಲ್ ಹುಟ್ಟಿದ ದಿನ. ಅದಕ್ಕಾಗಿ ಶೂಬರ್ಟ್ ಗುಟ್ಟಾಗಿ ಮೂರು ಕಂಠಗಳ ಒಂದು ಗೀತೆ ರಚಿಸಿ ಮನೆಯವರೊಂದಿಗೆ ಹಾಡಿಸಿದ. ಪದ್ಯ ಬರೆದವನು ಅವನ ಹಳೆಯ ಸಹಪಾಠಿ ಆಲ್ಬರ್ಟ್ ಸ್ಟಾಡ್ಲರ್. ಅದೇ ಊರಿನಲ್ಲಿ ಪೌಮ್‌ಗಾರ್ಟ್‌ನರ್ ಎಂಬ ಗಣಿ ಅಧಿಕಾರಿಯಿದ್ದ. ಚೆಲ್ಲೊ ನುಡಿಸುವ ಹವ್ಯಾಸ ಅವನಿಗೆ. ಮೀನಿನ ಮೇಲಿನ ಶೂಬರ್ಟನ ಹಾಡನ್ನು ಬಹಳ ಮೆಚ್ಚಿ, ಅದರ ಧಾಟಿ ಬರುವಂತೆ ವಾದ್ಯಗಳಿಗೆ ಒಂದು ರಚನೆ ಬೇಕೆಂದು ಕೇಳಿದ. ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳ ಟ್ರೌಟ್ ಪಂಚವಾದ್ಯ ಹುಟ್ಟಿದ್ದು ಹೀಗೆ. ಅಚ್ಚಾದದ್ದು ಮಾತ್ರ ಶೂಬರ್ಟ್ ಸತ್ತ ಮೇಲೆ.

ಗೆಳೆಯನಿಗೆ ರಂಗಭೂಮಿಯ ಬಾಗಿಲು ತೆರೆಸಲು ಫೋಗಲ್ ಪ್ರಯತ್ನಿಸಿದ. ಅವನ ಶಿಫಾರಸಿನಿಂದ ಅವಳಿ ಸಹೋದರರ ಕಥೆಯ ಒಂದು ಚಿಕ್ಕ ಗೀತನಾಟಕ ಬರೆಯುವ ಕೆಲಸ ಸಿಕ್ಕಿತು. 1820ರ ಜೂನ್ 14ರಂದು ಅದು ರಂಗಕ್ಕೆ ಬಂದಾಗ ಇಬ್ಬರು ಅವಳಿಗಳ ಪಾತ್ರವನ್ನೂ ಫೋಗಲ್‌ನೇ ಹಾಡಿದ. ಆರು ಪ್ರದರ್ಶನಕ್ಕೆ ನಿಂತುಹೋಯಿತು. ಆದರೆ 1821ರ ಮಾರ್ಚ್ 7ರ ಕಛೇರಿಯ ಕಥೆ ಬೇರೆ. ಕೆರ್ಂಟ್ನರ್‌ಟೋರ್ ರಂಗಮಂದಿರದಲ್ಲಿ ಒಂದು ದತ್ತಿ ಕಾರ್ಯಕ್ರಮ. ಅದರಲ್ಲಿ ಫೋಗಲ್ ಎರ್ಲ್‌ಕೋನಿಗ್ ಹಾಡಿದ. ಶೂಬರ್ಟ್ ಸಂಕೋಚದಿಂದ ಪಿಯಾನೊ ಮುಂದೆ ಕೂರಲಿಲ್ಲ. ಗೆಳೆಯ ಆನ್ಸೆಲ್ಮ್ ಹ್ಯುಟನ್‌ಬ್ರೆನರ್ ನುಡಿಸಿದ. ಸಭೆ ಮತ್ತೊಮ್ಮೆ ಹಾಡಿಸಿತು. ಯಾವ ಪ್ರಕಾಶಕರೂ ಮುಟ್ಟದಿದ್ದ ಆ ಹಾಡನ್ನು ಗೆಳೆಯರು ಚಂದಾ ಎತ್ತಿ ಅಚ್ಚು ಹಾಕಿಸಿದರು. ಒಂದೇ ಸಂಜೆಯ ಸಂಗೀತಕೂಟದಲ್ಲಿ ನೂರು ಪ್ರತಿ ಹೋಯಿತು. ಬರೆದು ಆರು ವರ್ಷವಾದ ಮೇಲೆ ಅದು ಶೂಬರ್ಟನ ಮೊದಲನೆಯ ಸಂಖ್ಯೆಯ ಕೃತಿಯಾಗಿ ಹೊರಬಂತು. ಆರನೆಯ ಸಂಖ್ಯೆಯಾಗಿ ಬಂದ ಮೂರು ಹಾಡುಗಳನ್ನು ಅವನು ಫೋಗಲ್‌ಗೆ ಅರ್ಪಿಸಿದ.

ಸ್ನೇಹದಲ್ಲಿ ಬಿರುಕೂ ಬಂತು. 1821–22ರಲ್ಲಿ ಶೂಬರ್ಟ್ ಮತ್ತು ಶೋಬರ್ ಕೂಡಿ ಅಲ್ಫೋನ್ಸೊ ಮತ್ತು ಎಸ್ಟ್ರೆಲ್ಲ ಎಂಬ ದೊಡ್ಡ ಗೀತನಾಟಕ ಬರೆದರು. ಶೋಬರ್ ಬರೆದ ನಾಟಕದ ಕಥೆ ರಂಗಕ್ಕೆ ಒಗ್ಗದು ಎಂದು ಇಪ್ಪತ್ತೈದು ವರ್ಷ ರಂಗದ ಮೇಲಿದ್ದ ಫೋಗಲ್ ಹೇಳಿದ. ಅವನ ಮಾತು ಸರಿಯಾಗಿತ್ತು. ಶೂಬರ್ಟ್ ಬದುಕಿರುವವರೆಗೆ ಆ ನಾಟಕ ರಂಗ ಕಾಣಲಿಲ್ಲ. ಆದರೆ ಹಿರಿಯನ ಮಾತು ಸರಿ ಇದ್ದ ಮಾತ್ರಕ್ಕೆ ಕಿರಿಯನಿಗೆ ಹಿತವಾಗುವುದಿಲ್ಲ. ಕೆಲವು ಕಾಲ ಇಬ್ಬರೂ ದೂರವಾದರು. 1822ರ ಕೊನೆಗೆ ಶೂಬರ್ಟನಿಗೆ ಗಂಭೀರ ಕಾಯಿಲೆ ಅಂಟಿತು. 1823ರಲ್ಲಿ ಆಸ್ಪತ್ರೆ ಸೇರಬೇಕಾಯಿತು. ಮುಂದೆ ಅದು ಅವನನ್ನು ಪೂರ್ತಿ ಬಿಡಲೇ ಇಲ್ಲ. ಆ ವರ್ಷದ ಬೇಸಿಗೆಗೆ ಅವನು ಮತ್ತೆ ಫೋಗಲ್ ಜೊತೆ ಸ್ಟೈರ್ ಮತ್ತು ಲಿಂಟ್ಸ್‌ನಲ್ಲಿದ್ದ. ಗಿರಣಿ ಆಳಿನ ಪ್ರೇಮಕಥೆಯನ್ನು ಹೇಳುವ ಇಪ್ಪತ್ತು ಹಾಡುಗಳ ಮಾಲೆ ಈ ವರ್ಷದ್ದು.

ಇಬ್ಬರ ಬಾಳಿನಲ್ಲೂ ಅತಿ ಸುಖದ ದಿನಗಳೆಂದರೆ 1825ರ ಮೇ ತಿಂಗಳಿಂದ ಅಕ್ಟೋಬರ್ ಮೊದಲವರೆಗಿನ ಪ್ರವಾಸ ಎಂದು ನನಗೆ ತೋರುತ್ತದೆ. ಫೋಗಲ್ ಆಗ ನಾಟಕ ಮಂಡಳಿಯಿಂದ ನಿವೃತ್ತನಾಗಿದ್ದ. ಕೀಲುನೋವಿಗೆ ಗಾಸ್ಟೈನ್‌ನ ಬಿಸಿನೀರ ಬುಗ್ಗೆಗಳಲ್ಲಿ ಸ್ನಾನ ಮಾಡಬೇಕಾಗಿತ್ತು. ದಾರಿಯಲ್ಲಿ ಸ್ಟೈರ್, ಲಿಂಟ್ಸ್, ಸರೋವರದ ದಡದ ಗ್ಮುಂಡನ್, ಸಾಲ್ಟ್ಸ್‌ಬರ್ಗ್. ಎಲ್ಲಿ ಇಳಿದರೆ ಅಲ್ಲಿ ಮನೆಯವರು ನೆರೆಹೊರೆಯನ್ನು ಕರೆಯುವರು, ಇವರು ಹಾಡುವರು. ಸ್ಕಾಟ್ ಕವಿಯ ಸರೋವರದ ರಾಣಿ ಕಾವ್ಯದಿಂದ ತೆಗೆದ ಹಾಡುಗಳು ಆ ವರ್ಷ ಹೊಸವು. ಮೇರಿಮಾತೆಯನ್ನು ಕುರಿತ ಪ್ರಾರ್ಥನೆ, ಮೊದಲು ಹೇಳಿದ ಆವೆ ಮರಿಯಾ, ಅವುಗಳಲ್ಲಿ ಒಂದು. ಅದನ್ನು ಕೇಳಿದವರೆಲ್ಲ ಕರಗಿದರೆಂದು ಶೂಬರ್ಟ್ ತಂದೆತಾಯಿಗೆ ಬರೆದ. ಈ ತಾಯಿ ಮಲತಾಯಿ. ಆಕೆಯೊಂದಿಗೆ ಅವನಿಗೆ ಒಳ್ಳೆಯ ಬಾಂಧವ್ಯವಿತ್ತು.

ಗ್ಮುಂಡನ್‌ನಲ್ಲಿ ವ್ಯಾಪಾರಿ ಟ್ರಾವೆಗರ್ ಮನೆಯಲ್ಲಿ ಆರು ವಾರ ಉಳಿದರು. ಆ ಮನೆಯ ಪುಟ್ಟ ಹುಡುಗ ಬೆಳಿಗ್ಗೆ ಎದ್ದೊಡನೆ ಶೂಬರ್ಟನ ಕೋಣೆಗೆ ಓಡುತ್ತಿದ್ದ. ಶೂಬರ್ಟ್ ಅವನಿಗೆ ಗಿರಣಿ ಮಾಲೆಯ ಮುಂಜಾನೆಯ ಹಾಡನ್ನು ಕಲಿಸಿದ. ದೊಡ್ಡವರು ಹಾಡು ಕೇಳಲು ಕುಳಿತಾಗ ಹುಡುಗನಿಗೂ ಕೂರಲು ಅನುಮತಿಯಿತ್ತು. ಮುದುಕನಾಗುವವರೆಗೂ ಅವನು ಇದನ್ನು ಮರೆಯಲಿಲ್ಲ. ಹತ್ತು ವರ್ಷದ ಹಿಂದೆ ತರಗತಿಯಲ್ಲಿ ಮಕ್ಕಳಿಗೆ ಸಿಡುಕುತ್ತಿದ್ದವನೇ ಈ ಮೇಷ್ಟರು.

ಸೆಪ್ಟೆಂಬರಿನಲ್ಲಿ ಶೂಬರ್ಟ್ ಅಣ್ಣ ಫರ್ಡಿನಾಂಡನಿಗೆ ಕಾಗದ ಬರೆಯುತ್ತಾ ಸಾಲ್ಟ್ಸ್‌ಬರ್ಗ್‌ನ ಒಂದು ಸಭೆಯನ್ನು ವಿವರಿಸಿದ. ಫೋಗಲ್ ಹಾಡುತ್ತಾ ತಾನು ನುಡಿಸುತ್ತಾ ಇರುವಾಗ ಆ ಹೊತ್ತಿಗೆ ಇಬ್ಬರೂ ಒಬ್ಬರೇ ಆದಂತಿರುವುದು ಅಲ್ಲಿಯ ಜನಕ್ಕೆ ಹೊಸದು, ಹಿಂದೆ ಕೇಳದ್ದು ಎಂಬುದು ಅದರ ತಿರುಳು. ತನ್ನ ಬಗ್ಗೆ ಹೆಮ್ಮೆಯ ಮಾತು ಬರೆಯುವ ಅಭ್ಯಾಸ ಅವನಿಗೆ ಕಡಿಮೆ. ಇಲ್ಲಿ ಹೆಮ್ಮೆ ಇಬ್ಬರ ಹೆಸರಿನಲ್ಲಿ ಬಂದಿದೆ. ಅದೇ ಕಾಲದ ಒಂದು ವ್ಯಂಗ್ಯಚಿತ್ರವೂ ಉಳಿದಿದೆ. ದೊಡ್ಡ ದೇಹದ ಫೋಗಲ್ ತಲೆಯೆತ್ತಿ ಮುಂದೆ ನಡೆಯುತ್ತಿದ್ದಾನೆ, ಅವನ ಹಿಂದೆ ಹಾಳೆಗಳನ್ನು ಹಿಡಿದು ಗುಂಡಗಿನ ಕುಳ್ಳ ಶೂಬರ್ಟ್. ಬರೆದವನ ಕಣ್ಣಿಗೆ ಯಾರು ನಾಯಕ, ಯಾರು ಹಿಂಬಾಲಕ ಎಂಬುದರಲ್ಲಿ ಸಂದೇಹವಿಲ್ಲ. ಕಾಗದ ಮತ್ತು ಚಿತ್ರ, ಎರಡೂ ನಿಜ ಇರಬಹುದು.

ಈ ಜೋಡಿಯ ಬಗ್ಗೆ ಇಂದಿಗೂ ಮುಗಿಯದ ಒಂದು ವಿವಾದವಿದೆ. ಫೋಗಲ್ ಹಾಡನ್ನು ಬರೆದಂತೆ ಹಾಡುತ್ತಿರಲಿಲ್ಲ. ರಂಗಭೂಮಿಯ ಮನುಷ್ಯ, ಅಲ್ಲಿ ಅಲಂಕಾರ ಸೇರಿಸುವುದು ಗಾಯಕನ ಹಕ್ಕು. ವಯಸ್ಸಾಗಿ ಕಂಠ ಇಳಿದಂತೆ ಅವನು ಕೆಲವು ಪದಗಳನ್ನು ಮಾತಿನಂತೆ ಆಡಿದ, ಕೆಲವೆಡೆ ತಡೆದು ನಿಂತ, ಕೆಲವೆಡೆ ಸಣ್ಣ ದನಿಯಲ್ಲಿ ಮೇಲಕ್ಕೆ ಹಾರಿದ. ಕೇಳಿದವರು ಕಣ್ಣೀರಿಟ್ಟರು. ಆದರೆ ಅವರನ್ನೆಲ್ಲ ಹತ್ತಿರದಿಂದ ಬಲ್ಲ ಲಿಯೋಪೋಲ್ಡ್ ಸೋನ್‌ಲೈಟ್‌ನರ್ ಮುಂದೆ ಬೇರೆಯೇ ಮಾತು ಬರೆದಿಟ್ಟ. ಶೂಬರ್ಟನಿಗೆ ಬೇಕಾಗಿದ್ದುದು ತಪ್ಪದ ಲಯ. ನಿಧಾನ ಎಲ್ಲಿ ಆಗಬೇಕೆಂಬುದನ್ನು ಅವನು ಬರೆದೇ ಇಡುತ್ತಿದ್ದ. ಅತಿಯಾದ ಅಭಿನಯ ಅವನಿಗೆ ಹಿಡಿಸುತ್ತಿರಲಿಲ್ಲ ಎಂಬುದು ಅವನ ಸಾಕ್ಷ್ಯ. ಹಾಗಾದರೆ ಫೋಗಲ್ ಜೊತೆ ಹನ್ನೊಂದು ವರ್ಷ ಹೇಗೆ ನುಡಿಸಿದ?

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ವಿವಾದವೇ ಅಲ್ಲ ಎನಿಸಬಹುದು. ನಮ್ಮಲ್ಲಿ ವಾಗ್ಗೇಯಕಾರನ ಕೃತಿಗೆ ಗಾಯಕ ಸಂಗತಿಗಳನ್ನು ಸೇರಿಸುತ್ತಾನೆ, ಪಾಠಾಂತರಗಳು ಬೆಳೆಯುತ್ತವೆ. ಅಲ್ಲಿ ಹಾಗಲ್ಲ, ಸ್ವರಲಿಪಿಯಲ್ಲಿ ಇರುವುದೇ ಪ್ರಮಾಣ ಎಂಬ ನಿಲುವು ಗಟ್ಟಿಯಾಗುತ್ತಿದ್ದ ಕಾಲವದು. ಫೋಗಲ್ ಹಳೆಯ ಪದ್ಧತಿಯ ಕೊನೆಯಲ್ಲಿ ನಿಂತಿದ್ದ, ಶೂಬರ್ಟ್ ಹೊಸದರ ಮೊದಲಲ್ಲಿ. ಶೂಬರ್ಟ್ ಫೋಗಲ್‌ನ ಅಲಂಕಾರಗಳನ್ನೆಲ್ಲ ಮೆಚ್ಚಿದ್ದ ಎಂದು ನಾನು ನಂಬುವುದಿಲ್ಲ. ಆದರೆ ಪದ್ಯದ ಅರ್ಥವನ್ನು ಅಷ್ಟು ಚೆನ್ನಾಗಿ ಹಿಡಿದು ಹಾಡುವ ಇನ್ನೊಬ್ಬ ಅವನಿಗೆ ಸಿಗಲಿಲ್ಲ. ಕಾರ್ಲ್ ಫಾನ್ ಶೋನ್‌ಸ್ಟೈನ್ ಎಂಬ ಹವ್ಯಾಸಿ ಗಾಯಕನ ಎಳೆಯ, ನೇರವಾದ ದನಿಯೂ ಅವನಿಗೆ ಪ್ರಿಯವಾಗಿತ್ತು. ಗಿರಣಿ ಹಾಡುಗಳ ಮಾಲೆಯನ್ನು ಅರ್ಪಿಸಿದ್ದು ಅವನಿಗೆ, ಫೋಗಲ್‌ಗಲ್ಲ. ಇದನ್ನು ಮೌನವಾದ ಉತ್ತರ ಎಂದು ಓದಬಹುದು, ಓದದೆಯೂ ಇರಬಹುದು.

1826ರಲ್ಲಿ, ಐವತ್ತೇಳು ದಾಟಿದ ಫೋಗಲ್ ಮದುವೆಯಾಗಿ ಗೆಳೆಯರನ್ನು ಬೆರಗುಗೊಳಿಸಿದ. ಮೊದಲಿನಂತೆ ದಿನದಿನದ ಭೇಟಿ ಉಳಿಯಲಿಲ್ಲ. 1827ರಲ್ಲಿ ಶೂಬರ್ಟ್ ಚಳಿಗಾಲದ ಪಯಣ ಎಂಬ ಇಪ್ಪತ್ತನಾಲ್ಕು ಹಾಡುಗಳ ಮಾಲೆ ರಚಿಸಿದ. ಪ್ರೀತಿ ಕಳೆದುಕೊಂಡವನೊಬ್ಬ ಹಿಮದಲ್ಲಿ ಒಬ್ಬನೇ ನಡೆದುಹೋಗುವ ಕಥೆ. ಗೆಳೆಯರಿಗೆ ಮೊದಲು ತಾನೇ ಹಾಡಿ ತೋರಿಸಿದ. ಅವರು ಅದರ ಕತ್ತಲೆಗೆ ಕಂಗಾಲಾದರು. ಈ ಹಾಡುಗಳೇ ತನಗೆ ಎಲ್ಲಕ್ಕಿಂತ ಇಷ್ಟ ಎಂದು ಶೂಬರ್ಟ್ ಪಟ್ಟುಹಿಡಿದ. ಮುಂದೆ ಫೋಗಲ್ ಅವನ್ನು ಹಾಡಿದಾಗ ಅವರಿಗೂ ಒಪ್ಪಿಗೆಯಾಯಿತು.

ತನ್ನ ಕೃತಿಗಳದೇ ಆದ ಸಾರ್ವಜನಿಕ ಕಛೇರಿಯನ್ನು ಶೂಬರ್ಟ್ ಜೀವನದಲ್ಲಿ ನಡೆಸಿದ್ದು ಒಂದೇ ಒಂದು, 1828ರ ಮಾರ್ಚ್ 26ರಂದು. ಅದು ಬೀಥೋವನ್ ತೀರಿಕೊಂಡು ಸರಿಯಾಗಿ ಒಂದು ವರ್ಷವಾದ ದಿನ. ಅರವತ್ತರ ಹತ್ತಿರದ ಫೋಗಲ್ ಹಾಡಿದ. ಈ ಸಲ ಪಿಯಾನೊ ಮುಂದೆ ಶೂಬರ್ಟನೇ ಕುಳಿತ. ಸಭಾಂಗಣ ತುಂಬಿತ್ತು, ಹಣವೂ ಬಂತು. ಮೂರು ದಿನ ಕಳೆದು ಇಟಲಿಯ ಪಿಟೀಲು ವಿದ್ವಾಂಸ ಪಾಗನೀನಿ ವಿಯೆನ್ನಾದಲ್ಲಿ ಮೊದಲ ಕಛೇರಿ ಕೊಟ್ಟ. ಪತ್ರಿಕೆಗಳಿಗೆ ಬೇರೆ ಸುದ್ದಿ ಬೇಕಾಗಲಿಲ್ಲ.

ಆ ವರ್ಷ ನವೆಂಬರ್ 19ರಂದು ಅಣ್ಣ ಫರ್ಡಿನಾಂಡನ ಮನೆಯಲ್ಲಿ ಶೂಬರ್ಟ್ ತೀರಿಕೊಂಡ. ವಯಸ್ಸು ಮೂವತ್ತೊಂದು. ಕೊನೆಯ ದಿನಗಳಲ್ಲೂ ಚಳಿಗಾಲದ ಪಯಣದ ಎರಡನೆಯ ಭಾಗದ ಕರಡಚ್ಚು ತಿದ್ದುತ್ತಿದ್ದ. ಬರೆದಿಟ್ಟ ಹಾಡುಗಳು ಆರುನೂರಕ್ಕೂ ಹೆಚ್ಚು. ಫರ್ಡಿನಾಂಡ್ ಶಿಕ್ಷಕ ವೃತ್ತಿಯಲ್ಲೇ ಮುಂದುವರಿದು, ತಮ್ಮ ಓದಿದ ಅದೇ ಸಂತ ಆನ್ನಾ ನಾರ್ಮಲ್ ಶಾಲೆಯ ಮುಖ್ಯಸ್ಥನಾದ. ತಮ್ಮನ ಹಸ್ತಪ್ರತಿಗಳನ್ನು ಕಾಪಾಡಿದ್ದರಲ್ಲೂ ಅವನ ಪಾಲು ದೊಡ್ಡದು.

ಫೋಗಲ್ ಇನ್ನೂ ಹನ್ನೆರಡು ವರ್ಷ ಬದುಕಿದ್ದು 1840ರ ನವೆಂಬರಿನಲ್ಲಿ ತೀರಿಕೊಂಡ. 1830ರಲ್ಲಿ ಪ್ರಕಾಶಕ ಡಿಯಾಬೆಲ್ಲಿ ಗಿರಣಿ ಹಾಡುಗಳ ಹೊಸ ಮುದ್ರಣ ತಂದಾಗ ಅದರಲ್ಲಿ ಫೋಗಲ್ ಹಾಡುತ್ತಿದ್ದ ಬಗೆಯ ಬದಲಾವಣೆಗಳು ಸೇರಿಕೊಂಡಿದ್ದವು. ದಶಕಗಳ ಕಾಲ ಜನ ಅದನ್ನೇ ಶೂಬರ್ಟ್ ಎಂದು ಹಾಡಿದರು. ವಿದ್ವಾಂಸರು ಮುಂದೆ ಮೂಲ ಪಾಠವನ್ನು ಹುಡುಕಿ ಸರಿಪಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಆರಂಭವಾದ ಹೊಸ ಸಮಗ್ರ ಆವೃತ್ತಿಯಲ್ಲಿ ಹಾಡುಗಳ ಪುಟಗಳಲ್ಲಿ ಶೂಬರ್ಟ್ ಬರೆದದ್ದಿದೆ, ಅನುಬಂಧದಲ್ಲಿ ಫೋಗಲ್‌ನ ಅಲಂಕಾರಗಳೂ ಅಚ್ಚಾಗಿವೆ.